ಎನ್‌ಡಿಕೆ ಎಲ್ಲಿದೆ, ಯಾವುದಿದೆ? ಹಳೇ ಆ್ಯಪ್ ಒಂದನ್ನು ಮತ್ತೆ ಬಿಲ್ಡ್ ಮಾಡಿದ ಮೂರು ದಿನ

ಸಾಗರದ ಹತ್ತಿರದ ನಮ್ಮೂರಲ್ಲಿ ದೊಡ್ಡಪ್ಪನ ಬಳಿ ಎರಡು ಟ್ರಂಕು ತುಂಬ ಹಳೇ ಯಕ್ಷಗಾನ ಪ್ರಸಂಗದ ಪುಸ್ತಕಗಳಿವೆ. ಮುಟ್ಟಿದರೆ ಪುಡಿಯಾಗುವ ಕಾಗದ. 2021ರಲ್ಲಿ ಅವರಿಗಾಗಿಯೇ ಒಂದು ಸಣ್ಣ ಆಂಡ್ರಾಯ್ಡ್ ಆ್ಯಪ್ ಬರೆದಿದ್ದೆ. ಪುಟದ ಫೋಟೋ ಹೊಡೆದರೆ ಟೆಸರಾಕ್ಟ್ ಎಂಬ ತಂತ್ರಾಂಶ ಅದನ್ನು ಓದಿ ಕನ್ನಡ ಅಕ್ಷರವಾಗಿ ಕೊಡುತ್ತದೆ, ತಪ್ಪಿದ್ದಲ್ಲಿ ದೊಡ್ಡಪ್ಪ ತಿದ್ದುತ್ತಾರೆ. ಕೆಲಸ ಚೆನ್ನಾಗಿಯೇ ನಡೆದಿತ್ತು. ಈಚೆಗೆ ಅವರು ಹೊಸ ಫೋನ್ ತಗೊಂಡರು, ಆ್ಯಪ್‌ನಲ್ಲಿ ಒಂದೆರಡು ಬದಲಾವಣೆ ಬೇಕು ಅಂದರು. ನನ್ನ ಹಳೇ ಲ್ಯಾಪ್‌ಟಾಪ್ ಅಷ್ಟರಲ್ಲಿ ತೀರಿಕೊಂಡಿತ್ತು. ಕೋಡ್ ಗಿಟ್‌ನಲ್ಲಿದೆಯಲ್ಲ, ಹೊಸ ಲ್ಯಾಪ್‌ಟಾಪಿಗೆ ಇಳಿಸಿ ಬಿಲ್ಡ್ (ಕೋಡನ್ನು ಆ್ಯಪ್ ಆಗಿ ಕಟ್ಟುವ ಆದೇಶ) ಒತ್ತಿದರಾಯಿತು ಎಂದುಕೊಂಡು ಶುಕ್ರವಾರ ರಾತ್ರಿ ಬಸ್ ಹತ್ತಿದೆ.

ಟೆಸರಾಕ್ಟ್ ಬರೆದಿರುವುದು ಸಿ ಪ್ಲಸ್ ಪ್ಲಸ್‌ನಲ್ಲಿ. ಅದು ಚಿತ್ರ ಓದಲು ನೆಚ್ಚಿಕೊಂಡಿರುವ ಲೆಪ್ಟೋನಿಕಾ ಸಿ ಭಾಷೆಯಲ್ಲಿದೆ. ಇವೆರಡನ್ನೂ ಫೋನಿನ ಎಆರ್‌ಎಂ ಪ್ರೊಸೆಸರಿಗೆ ಒಗ್ಗುವ ಎಸ್‌ಒ ಫೈಲುಗಳನ್ನಾಗಿ (ಕಂಪೈಲ್ ಆಗಿ ಸಿದ್ಧವಾದ ಲೈಬ್ರರಿಗಳು) ಮಾಡಿಕೊಡುವುದು ಎನ್‌ಡಿಕೆ, ಅಂದರೆ ನೇಟಿವ್ ಡೆವಲಪ್‌ಮೆಂಟ್ ಕಿಟ್. ಕಂಪೈಲರ್, ಲಿಂಕರ್, ಹೆಡರ್‌ಗಳು, ಸಿ ಪ್ಲಸ್ ಪ್ಲಸ್ ಲೈಬ್ರರಿ ಎಲ್ಲ ಅದರೊಳಗಿವೆ. ನನ್ನ ಆ್ಯಪ್‌ನಲ್ಲಿ ಎನ್‌ಡಿಕೆ ಕೆಲಸ ಮಾಡುವ ಜಾಗ ಎರಡು. ಆ್ಯಪ್ ಕಟ್ಟುವ ಸಾಧನವಾದ ಗ್ರೇಡಲ್ ನನ್ನ ಜೆಎನ್‌ಐ ಕೋಡನ್ನು (ಜಾವಾವನ್ನೂ ಸಿ ಪ್ಲಸ್ ಪ್ಲಸ್ ಅನ್ನೂ ಬೆಸೆಯುವ ಕೋಡು) ಕಂಪೈಲ್ ಮಾಡುವಾಗ ಒಂದು. ಟೆಸರಾಕ್ಟ್, ಲೆಪ್ಟೋನಿಕಾಗಳನ್ನು ಮೊದಲೇ ಕಟ್ಟಿ ಜೆಎನ್‌ಐಲಿಬ್ಸ್ ಫೋಲ್ಡರಿಗೆ ಹಾಕುವ ಶೆಲ್ ಸ್ಕ್ರಿಪ್ಟ್ ಇನ್ನೊಂದು. ಮುಂದೆ ಆದ ಎಲ್ಲ ತಾಪತ್ರಯಕ್ಕೂ ಈ 'ಎರಡು ಜಾಗ'ವೇ ಮೂಲ. ಅದು ನನಗೆ ಹೊಳೆದದ್ದು ಭಾನುವಾರ ಮಧ್ಯಾಹ್ನ.

ಶನಿವಾರ ಬೆಳಿಗ್ಗೆ. ಮೊದಲ ಬಿಲ್ಡ್ ಎನ್‌ಡಿಕೆ ತನಕ ಹೋಗಲೇ ಇಲ್ಲ. ಹಳೇ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ (ಗ್ರೇಡಲ್‌ಗೆ ಆಂಡ್ರಾಯ್ಡ್ ಆ್ಯಪ್ ಕಟ್ಟುವುದನ್ನು ಕಲಿಸುವ ತುಣುಕು) 4.1, ಗ್ರೇಡಲ್ 6.5. ಹೊಸ ಯಂತ್ರದಲ್ಲಿರುವುದು ಜಾವಾ 17. 'ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 61' ಎಂದು ಹೇಳಿ ಕೈಕಟ್ಟಿ ಕೂತಿತು. ಹಳೇ ಜಾವಾ ಹುಡುಕುವ ಬದಲು ಪ್ಲಗಿನ್ 8.7, ಗ್ರೇಡಲ್ 8.9ಕ್ಕೆ ಏರಿಸಿದೆ. ನೇಮ್‌ಸ್ಪೇಸ್ ಬರೆಯಬೇಕಾಯಿತು, ಒಂದಷ್ಟು ಹಳೇ ಸಾಲು ತೆಗೆಯಬೇಕಾಯಿತು. ಎರಡನೇ ಕಾಫಿಯ ಹೊತ್ತಿಗೆ ಅಷ್ಟು ಮುಗಿದಿತ್ತು.

ಅದಾದ ಮೇಲೆ ಗ್ರೇಡಲ್ ತಾನಾಗಿಯೇ ಎನ್‌ಡಿಕೆ ಇಳಿಸಲು ಶುರುಮಾಡಿತು. ನಾನು ಯಾವ ಆವೃತ್ತಿಯನ್ನೂ ಕೇಳಿರಲಿಲ್ಲ. ಕೇಳದಿದ್ದರೆ ಪ್ರತಿ ಪ್ಲಗಿನ್ ಆವೃತ್ತಿಗೂ ಅದರದೇ ಒಂದು ಡೀಫಾಲ್ಟ್ ಎನ್‌ಡಿಕೆ ಇದೆ. 4.1ಕ್ಕೆ 21.1.6352462, 8.0ಕ್ಕೆ 25.1.8937393, 8.7ಕ್ಕೆ 27.0.12077973. ಅಂದರೆ ಪ್ಲಗಿನ್ ಏರಿಸಿದ ಕೂಡಲೇ ನನಗೆ ಗೊತ್ತಿಲ್ಲದಂತೆ ಕಂಪೈಲರೂ ಬದಲಾಗಿತ್ತು. ಹಾಗಾದರೆ 2021ರಲ್ಲಿ ನಾನು ಬಳಸಿದ್ದು ಯಾವುದು? ಬಿಲ್ಡ್ ಡಾಟ್ ಗ್ರೇಡಲ್‌ನಲ್ಲಿ ಒಂದಕ್ಷರ ಇಲ್ಲ. ಬ್ಯಾಕಪ್ ಡಿಸ್ಕ್ ತೆಗೆದು ಲೋಕಲ್ ಡಾಟ್ ಪ್ರಾಪರ್ಟೀಸ್ ಫೈಲ್ ತೆರೆದಾಗ ಗೊತ್ತಾಯಿತು: ಎನ್‌ಡಿಕೆ ಡಾಟ್ ಡಿಐಆರ್ ಎಂಬ ಸಾಲಿನಲ್ಲಿ ನನ್ನ ಹೋಮ್ ಫೋಲ್ಡರಿನೊಳಗೆ ಕೈಯಾರೆ ಅನ್‌ಜಿಪ್ ಮಾಡಿಟ್ಟ ಆರ್21ಇ. ಆ ಫೈಲು ಗಿಟ್‌ಗೆ ಹೋಗುವುದಿಲ್ಲ, ಹೋಗಲೂಬಾರದು, ಅದರಲ್ಲಿರುವುದು ಅವರವರ ಯಂತ್ರದ ದಾರಿ. ಲ್ಯಾಪ್‌ಟಾಪಿನ ಜತೆ ಆವೃತ್ತಿಯ ಗುರುತೂ ಮಣ್ಣಾಗಿತ್ತು, ಬ್ಯಾಕಪ್ ಇದ್ದದ್ದಕ್ಕೆ ಬದುಕಿದೆ. ಆ ಸಾಲನ್ನು ಈಗ ಬಳಸಬೇಡಿ ಎಂದೇ ಗೂಗಲ್ ಹೇಳುತ್ತದೆ. ಅದೂ ಇದ್ದು, ಗ್ರೇಡಲ್ ಫೈಲಿನಲ್ಲಿ ಬೇರೆ ಆವೃತ್ತಿಯೂ ಬರೆದಿದ್ದರೆ ಎರಡಕ್ಕೂ ತಾಳೆಯಿಲ್ಲ ಎಂದು ಬಿಲ್ಡ್ ನಿಲ್ಲುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಎನ್‌ಡಿಕೆಗೆ ಎರಡು ಹೆಸರು. ಜನ ಕರೆಯುವುದು ಆರ್21ಇ, ಗ್ರೇಡಲ್ ಕೇಳುವುದು 21.4.7075529. ಅಕ್ಷರವಿಲ್ಲದಿದ್ದರೆ ಸೊನ್ನೆ, ಬಿ ಅಂದರೆ 1, ಸಿ ಅಂದರೆ 2, ಹೀಗೇ ಇ ಅಂದರೆ 4. ಆರ್25ಬಿ ಎಂದರೆ 25.1.8937393, ಆರ್26ಡಿ ಎಂದರೆ 26.3.11579264. ಕೊನೆಯ ಉದ್ದ ಸಂಖ್ಯೆ ಬಿಲ್ಡ್ ನಂಬರು. ಅದನ್ನು ಊಹಿಸಲಾಗದು, ಫೋಲ್ಡರಿನೊಳಗಿನ ಸೋರ್ಸ್ ಡಾಟ್ ಪ್ರಾಪರ್ಟೀಸ್ ಫೈಲಿನ ರಿವಿಷನ್ ಸಾಲಿನಿಂದ ನಕಲಿಸಿಕೊಳ್ಳಬೇಕು. '27' ಎಂದಷ್ಟೇ ಬರೆದು ಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಮೂರೂ ಭಾಗ ಪೂರ್ತಿ ಬರೆಯಿರಿ.

ಹನ್ನೊಂದಕ್ಕೆ ಕರೆಂಟು ಹೋಯಿತು. ಮಳೆಗಾಲ, ಹೊಸತೇನಲ್ಲ. ಫೋನಿನ ಹಾಟ್‌ಸ್ಪಾಟ್ ಹಾಕಿ ಅಂಗಳದ ಮೂಲೆಯಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಗುವಲ್ಲಿ ಕುರ್ಚಿ ಹಾಕಿಕೊಂಡೆ. 600 ಎಂಬಿ ಮೀರಿದ ಜಿಪ್ ಅರ್ಧ ದಾರಿಯಲ್ಲಿ ಕಡಿಯಿತು. ಮತ್ತೆ ಬಿಲ್ಡ್ ಒತ್ತಿದರೆ ಈಗ ಹೊಸ ರಾಗ: 'ಸಿಎಕ್ಸ್‌ಎಕ್ಸ್ 1101', ಎನ್‌ಡಿಕೆ ಇರುವ ಜಾಗದಲ್ಲಿ ಸೋರ್ಸ್ ಡಾಟ್ ಪ್ರಾಪರ್ಟೀಸ್ ಫೈಲ್ ಇಲ್ಲ.

ಈ ದೂರನ್ನು ನೋಡಿದವರು ಬಹಳ ಜನ ಆ ಫೈಲನ್ನೇ ಕೈಯಿಂದ ಬರೆದು ಇಡಲು ಹೋಗುತ್ತಾರೆ. ಸಹೋದ್ಯೋಗಿಯೊಬ್ಬರು ಹಾಗೆ ಮಾಡಿ ಅರ್ಧ ದಿನ ಕಳೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ವಿಷಯ ಸರಳ: ಎಸ್‌ಡಿಕೆ (ಆಂಡ್ರಾಯ್ಡ್ ಆ್ಯಪ್ ಬರೆಯುವ ಸಾಧನಗಳ ಕಟ್ಟು) ಒಳಗಿನ ಎನ್‌ಡಿಕೆ ಫೋಲ್ಡರಿನಲ್ಲಿ 27.0.12077973 ಎಂಬ ಹೆಸರಿನ ಫೋಲ್ಡರ್ ಹುಟ್ಟಿದೆ, ಒಳಗೆ ಡೌನ್‌ಲೋಡಿನ ಅರ್ಧ ತುಂಡು ಬಿಟ್ಟು ಏನೂ ಇಲ್ಲ. ಹೆಸರಿನ ಫೋಲ್ಡರ್ ಇದೆ ಎಂದು ಗ್ರೇಡಲ್ ಒಳಹೋಗುತ್ತದೆ, ಬರಿಗೈಲಿ ಹೊರಬರುತ್ತದೆ. ಆ ಇಡೀ ಫೋಲ್ಡರ್ ಅಳಿಸಿ, ಎಸ್‌ಡಿಕೆ ಮ್ಯಾನೇಜರ್ ಆದೇಶದಲ್ಲಿ ಪೂರ್ತಿ ಆವೃತ್ತಿ ಸಂಖ್ಯೆ ಕೊಟ್ಟು ಮತ್ತೆ ಇಳಿಸಬೇಕು. ಲೈಸೆನ್ಸ್ ಒಪ್ಪಿಗೆ ಮೊದಲೇ ಕೊಟ್ಟಿರಬೇಕು, ಇಲ್ಲದಿದ್ದರೆ ಗ್ರೇಡಲ್ ಎಂದಿಗೂ ತಾನಾಗಿ ಇಳಿಸಿಕೊಳ್ಳುವುದಿಲ್ಲ. ನಾನು ಸಾಗರ ಪೇಟೆಗೆ ಹೋಗಿ ಸ್ನೇಹಿತನ ಅಂಗಡಿಯ ವೈಫೈನಲ್ಲಿ 27.0ರ ಜತೆಗೆ ಹಳೇ 21.4.7075529ನ್ನೂ ಇಳಿಸಿಕೊಂಡು ಬಂದೆ. ಒಂದರ ಪಕ್ಕ ಒಂದು ಬೇರೆ ಬೇರೆ ಫೋಲ್ಡರಿನಲ್ಲಿ ಕೂರುತ್ತವೆ, ಜಗಳವಿಲ್ಲ. ಮೊದಲು ಎನ್‌ಡಿಕೆ ಬಂಡಲ್ ಎಂಬ ಒಂದೇ ಫೋಲ್ಡರಿತ್ತು, ಅಪ್‌ಡೇಟ್ ಮಾಡಿದರೆ ಹಳೆಯದು ಹೋಯಿತೆಂದೇ ಲೆಕ್ಕ. ಆ ಕಾಲಕ್ಕೆ ಹೋಲಿಸಿದರೆ ಇದು ಸ್ವರ್ಗ, ಡಿಸ್ಕ್ ತುಂಬುತ್ತದೆ ಅಷ್ಟೆ.

ಹಳೆಯದು ಯಾಕೆ ಬೇಕಿತ್ತು? ಒಮ್ಮೆಲೇ ಎಲ್ಲ ಬದಲಿಸಿದರೆ ಯಾವುದು ಕೈಕೊಟ್ಟಿತೆಂದು ತಿಳಿಯುವುದಿಲ್ಲ. ಮೊದಲು ಸ್ಕ್ರಿಪ್ಟ್ ಹಳೇ ಎನ್‌ಡಿಕೆಯಲ್ಲಿ ಹಾಗೆಯೇ ಓಡುತ್ತದೆಯೇ ನೋಡಿದೆ. ಸ್ಕ್ರಿಪ್ಟಿನ ತಲೆಯಲ್ಲಿದ್ದ ಹಳೇ ಯಂತ್ರದ ದಾರಿಯನ್ನು ಮಾತ್ರ ತಿದ್ದಿದೆ. ಓಡಿತು, ಎಸ್‌ಒ ಫೈಲುಗಳು ಬಂದವು, ಆ್ಯಪ್ ಹಳೇ ಟ್ಯಾಬ್ಲೆಟ್ಟಿನಲ್ಲಿ ತೆರೆಯಿತು. ಶನಿವಾರಕ್ಕೆ ಅಷ್ಟು ಸಾಕೆಂದು ಊಟ ಮಾಡಿ ಮಲಗಿದೆ.

"ಎಂತ ಆಯ್ತಾ?" ಎಂದರು ದೊಡ್ಡಪ್ಪ ಭಾನುವಾರ ಬೆಳಿಗ್ಗೆ.

"ಇನ್ನೊಂದು ಸ್ವಲ್ಪ ಉಂಟು ದೊಡ್ಡಪ್ಪ."

"ನಿನ್ನೆಯೂ ಅದನ್ನೇ ಹೇಳಿದ್ದೆ."

ಹಳೆಯದರಲ್ಲಿ ಓಡುತ್ತಿರುವಾಗ ಹೊಸತರ ಹಂಬಲ ಯಾಕೆ ಎಂದು ನೀವೂ ಕೇಳಬಹುದು. ಕಾರಣ 16 ಕೆಬಿ. ಆಂಡ್ರಾಯ್ಡ್ ಫೋನುಗಳ ಮೆಮೊರಿ ಪುಟದ (ಮೆಮೊರಿಯನ್ನು ಹಂಚುವ ತುಂಡಿನ) ಅಳತೆ ಇಷ್ಟು ವರ್ಷ 4 ಕೆಬಿ ಇತ್ತು. ಆಂಡ್ರಾಯ್ಡ್ 15ರಿಂದ 16 ಕೆಬಿ ಪುಟದ ಸಾಧನಗಳಿಗೂ ಬೆಂಬಲ ಬಂದಿದೆ. ಆಂಡ್ರಾಯ್ಡ್ 15 ಅಥವಾ ಅದರ ಮೇಲಿನದನ್ನು ಗುರಿಯಾಗಿಟ್ಟ ಹೊಸ ಆ್ಯಪ್‌ಗಳು, ಅಪ್‌ಡೇಟ್‌ಗಳು ಇದಕ್ಕೆ ಹೊಂದಿಕೊಳ್ಳಲೇಬೇಕು ಎಂದು 2025ರ ನವೆಂಬರ್ 1ರಿಂದ ಪ್ಲೇ ಸ್ಟೋರ್ ನಿಯಮ ತಂದಿತು. ಜಾವಾ, ಕೋಟ್ಲಿನ್ ಮಾತ್ರ ಬರೆಯುವವರಿಗೆ ತಲೆಬಿಸಿಯಿಲ್ಲ. ಎಸ್‌ಒ ಫೈಲು ಹೊತ್ತವರಿಗೆ ಇದೆ: ಫೈಲಿನೊಳಗೆ ಲೋಡ್ ಎಂಬ ಹೆಸರಿನ ಭಾಗಗಳು 16 ಕೆಬಿ ಗಡಿಗೆ ಸರಿಯಾಗಿ ಕೂರಬೇಕು. ಆರ್27ರಲ್ಲಿ ಅದಕ್ಕೊಂದು ಸ್ವಿಚ್ ಇದೆ, ಫ್ಲೆಕ್ಸಿಬಲ್ ಪೇಜ್ ಸೈಜಸ್ ಅಂತ, ಸಿ, ಸಿ ಪ್ಲಸ್ ಪ್ಲಸ್ ಕೋಡ್ ಕಟ್ಟಿಸುವ ಸಿಮೇಕ್ ಎಂಬ ಸಾಧನಕ್ಕೆ ನಾವೇ ಆನ್ ಎಂದು ಹೇಳಬೇಕು. ಆರ್28ರಲ್ಲಿ ಹೇಳದಿದ್ದರೂ ಹಾಗೇ ಆಗುತ್ತದೆ.

ಗ್ರೇಡಲ್ ಫೈಲಿನಲ್ಲಿ ಎನ್‌ಡಿಕೆ ವರ್ಷನ್ 27.0.12077973 ಎಂದು ಬರೆದೆ. ಸ್ವಿಚ್ ಹಾಕಿದೆ. ಬಿಲ್ಡ್ ಹಸಿರು. ಹಾಡುವ ಮೊದಲು ಎನ್‌ಡಿಕೆಯೊಳಗೇ ಇರುವ ಎಲ್‌ಎಲ್‌ವಿಎಂ ಆಬ್ಜ್‌ಡಂಪ್‌ನಿಂದ ಎಪಿಕೆ (ಫೋನಿಗೆ ಹಾಕುವ ಆ್ಯಪ್ ಫೈಲು) ಒಳಗಿನ ಫೈಲುಗಳನ್ನು ಒಂದೊಂದಾಗಿ ನೋಡಿದೆ. ನನ್ನ ಜೆಎನ್‌ಐ ಲೈಬ್ರರಿಯ ಅಲೈನ್‌ಮೆಂಟ್ 2ರ ಘಾತ 14, ಅಂದರೆ 16384. ಬೇಕಾದದ್ದೇ. ಟೆಸರಾಕ್ಟ್, ಲೆಪ್ಟೋನಿಕಾ ಎರಡೂ 2ರ ಘಾತ 12, ಅಂದರೆ 4096. ಆಗಬೇಕಾದದ್ದೇ, ಯಾಕೆಂದರೆ ಜೆಎನ್‌ಐಲಿಬ್ಸ್‌ನಲ್ಲಿ ಸಿದ್ಧವಾಗಿ ಬಿದ್ದ ಫೈಲನ್ನು ಗ್ರೇಡಲ್ ಎತ್ತಿ ಎಪಿಕೆಗೆ ತುಂಬುತ್ತದೆ, ಬೇಕಿದ್ದರೆ ಡೀಬಗ್ ಗುರುತು ಕೆರೆದು ಹಾಕುತ್ತದೆ. ಮತ್ತೆ ಕಂಪೈಲ್ ಮಾಡುವುದಿಲ್ಲ. ಎನ್‌ಡಿಕೆ ವರ್ಷನ್ ಎಂಬ ಆ ಸಾಲಿಗೆ ಅವುಗಳ ಮೇಲೆ ಯಾವ ಅಧಿಕಾರವೂ ಇಲ್ಲ.

ಸರಿ, ಸ್ಕ್ರಿಪ್ಟಿನಲ್ಲೂ ದಾರಿಯನ್ನು 27ಕ್ಕೆ ತಿದ್ದಿ ಓಡಿಸಿದೆ. ಲೆಪ್ಟೋನಿಕಾ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿತು: ಆರ್ಚ್64 ಲಿನಕ್ಸ್ ಆಂಡ್ರಾಯ್ಡ್ ರ‍್ಯಾನ್‌ಲಿಬ್ ಸಿಗುತ್ತಿಲ್ಲ. ಲೈಬ್ರರಿ ಫೈಲಿಗೆ ಸೂಚಿ ಹಾಕುವ ಹಳೇ ಸಾಧನ ಅದು. ಸಿಗದಿರುವುದು ನಿರೀಕ್ಷಿತ. ಎನ್‌ಡಿಕೆ ಆರ್18ರಲ್ಲಿ ಜಿಸಿಸಿ ಎಂಬ ಹಳೇ ಕಂಪೈಲರ್ ಹೋಯಿತು, ಆರ್23ರಲ್ಲಿ ಅದರ ಜತೆಗಾರ ಸಾಧನಗಳ ಕಟ್ಟಾದ ಗ್ನು ಬಿನ್‌ಯುಟಿಲ್ಸ್ ಹೋಯಿತು, ಜತೆಗೆ ಲಿಬ್‌ಜಿಸಿಸಿಯೂ. ಈಗಿರುವುದೆಲ್ಲ ಎಲ್‌ಎಲ್‌ವಿಎಂ ಎಂಬ ಇನ್ನೊಂದು ಕಂಪೈಲರ್ ಸಂಸಾರ. ಹಳೇ ಸ್ಕ್ರಿಪ್ಟುಗಳಲ್ಲಿ ಪ್ರತಿ ಪ್ರೊಸೆಸರಿಗೂ ಒಂದೊಂದು ಎಆರ್, ಒಂದೊಂದು ರ‍್ಯಾನ್‌ಲಿಬ್ ಹೆಸರು ಬರೆದಿರುತ್ತಿದ್ದೆವು. ಈಗ ಎಲ್ಲಕ್ಕೂ ಒಂದೇ ಎಲ್‌ಎಲ್‌ವಿಎಂ ಎಆರ್. ಕಾನ್ಫಿಗರ್ ಮಾಡುವ ಆ ಹಳೇ ಪದ್ಧತಿಯನ್ನೇ ಕೈಬಿಟ್ಟು, ಟೆಸರಾಕ್ಟಿನ ಹಾಗೆ ಲೆಪ್ಟೋನಿಕಾವನ್ನೂ ಸಿಮೇಕ್‌ನಲ್ಲಿ ಕಟ್ಟಿದೆ. ಯಾವ ಕಂಪೈಲರ್ ಬಳಸಬೇಕೆಂದು ಹೇಳುವ, ಎನ್‌ಡಿಕೆ ಜತೆ ಬರುವ ಟೂಲ್‌ಚೇನ್ ಫೈಲನ್ನು ತೋರಿಸಿದರೆ ಸಾಕು, ಕಂಪೈಲರಿನ ಹೆಸರನ್ನು ನಾವು ಬರೆಯುವ ಗೊಡವೆಯೇ ಇರುವುದಿಲ್ಲ. ಮಿನ್ ಎಸ್‌ಡಿಕೆ (ಆ್ಯಪ್ ಓಡಲು ಬೇಕಾದ ಕನಿಷ್ಠ ಆಂಡ್ರಾಯ್ಡ್ ಎಪಿಐ ಮಟ್ಟ) 19 ಇದ್ದದ್ದನ್ನು 21 ಮಾಡಿದೆ. ಆರ್26ರಿಂದ ಈಚೆಗೆ 21ಕ್ಕಿಂತ ಕೆಳಗೆ ಇಳಿಯಲಾಗದು.

ಸ್ಕ್ರಿಪ್ಟ್ ಕೊನೆತನಕ ಓಡಿತು. ಮತ್ತೆ ಅಳೆದೆ. ಲೆಪ್ಟೋನಿಕಾ 14. ಟೆಸರಾಕ್ಟ್ 12.

ಎರಡಕ್ಕೂ ಒಂದೇ ಟೂಲ್‌ಚೇನ್, ಒಂದೇ ಸ್ವಿಚ್. ಸ್ಕ್ರಿಪ್ಟನ್ನು ನಾಲ್ಕು ಸಲ ಓದಿದೆ, ಅಕ್ಷರ ದೋಷವಿಲ್ಲ. ಲಿಂಕರಿಗೆ ಗರಿಷ್ಠ ಪುಟದಳತೆ 16384 ಎಂದು ನೇರವಾಗಿ ಹೇಳಿ ನೋಡೋಣವೇ ಎಂದುಕೊಂಡೆ. ಹೇಳಿದ್ದರೆ ಅಳತೆ ಸರಿಯಾಗುತ್ತಿತ್ತು, ನಿಜವಾದ ರೋಗ ಒಳಗೇ ಉಳಿಯುತ್ತಿತ್ತು. ಆಗ ನೆನಪಾದದ್ದು ಒಂದು ಅಷ್ಟಾಗಿ ಯಾರೂ ಬಳಸದ ಉಪಾಯ. ಎನ್‌ಡಿಕೆಯಲ್ಲಿ ಕಟ್ಟಿದ ಎಸ್‌ಒ ಫೈಲುಗಳಲ್ಲಿ ನೋಟ್ ಆಂಡ್ರಾಯ್ಡ್ ಐಡೆಂಟ್ ಎಂಬ ಒಂದು ಪುಟ್ಟ ವಿಭಾಗವಿರುತ್ತದೆ. ಅದರೊಳಗೆ ಎಪಿಐ ಮಟ್ಟ, ಎನ್‌ಡಿಕೆ ಹೆಸರು, ಬಿಲ್ಡ್ ನಂಬರು ಮೂರೂ ಅಚ್ಚಾಗಿರುತ್ತವೆ. ಪಾತ್ರೆಯ ತಳದಲ್ಲಿ ಹೆಸರು ಕೊರೆಸಿದ ಹಾಗೆ. ಎಲ್‌ಎಲ್‌ವಿಎಂ ರೀಡೆಲ್ಫ್‌ನಲ್ಲಿ ಆ ವಿಭಾಗವನ್ನು ಅಕ್ಷರವಾಗಿ ಸುರಿಸಿದೆ. ಲೆಪ್ಟೋನಿಕಾ: ಆರ್27, 12077973. ಟೆಸರಾಕ್ಟ್: ಆರ್21ಇ, 7075529.

ಇವತ್ತು, ಹತ್ತು ನಿಮಿಷದ ಹಿಂದೆ ಕಟ್ಟಿದ ಫೈಲು, ನಿನ್ನೆಯ ಕಂಪೈಲರು.

ತಪ್ಪು ಸಿಮೇಕ್‌ನದಲ್ಲ, ನನ್ನದು. ಟೂಲ್‌ಚೇನ್ ಫೈಲನ್ನು ಸಿಮೇಕ್ ಓದಿ ಕಂಪೈಲರ್ ಆರಿಸುವುದು ಒಂದು ಬಿಲ್ಡ್ ಫೋಲ್ಡರಿನಲ್ಲಿ ಮೊದಲ ಸಲ ಓಡಿದಾಗ. ಆಯ್ಕೆಯನ್ನು ಕ್ಯಾಶ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಅದೇ ಫೋಲ್ಡರಿಗೆ ಬೇರೆ ಟೂಲ್‌ಚೇನ್ ತೋರಿಸಿದರೆ ಅದು ಲೆಕ್ಕಕ್ಕಿಲ್ಲ. 'ನೀವು ಕೊಟ್ಟ ಈ ಹೆಸರನ್ನು ಪ್ರಾಜೆಕ್ಟ್ ಬಳಸಲಿಲ್ಲ' ಎಂದು ಒಂದು ಎಚ್ಚರಿಕೆ ಬರುತ್ತದೆ, ಅದು ಇನ್ನೂರು ಸಾಲಿನ ನಡುವೆ ಕೊಚ್ಚಿಹೋಗಿತ್ತು. ಶನಿವಾರ 21ರಲ್ಲಿ ಟೆಸರಾಕ್ಟ್ ಕಟ್ಟಿದ ಫೋಲ್ಡರ್ ಹಾಗೇ ಇತ್ತು, 21 ಕೂಡ ಡಿಸ್ಕಿನಲ್ಲಿ ಜೀವಂತವಾಗಿತ್ತು. ಅಳಿಸಿದ್ದರೆ ಕನಿಷ್ಠ ಬಿಲ್ಡ್ ಬೊಬ್ಬೆ ಹೊಡೆಯುತ್ತಿತ್ತು. ಲೆಪ್ಟೋನಿಕಾ ಸಿಮೇಕ್‌ಗೆ ಹೊಸದಾಗಿ ಬಂದದ್ದರಿಂದ ಅದಕ್ಕೆ ಹಳೇ ಫೋಲ್ಡರೇ ಇರಲಿಲ್ಲ, ಪಾರಾಯಿತು.

ಫೋಲ್ಡರ್ ಅಳಿಸಿದೆ, ಮತ್ತೆ ಕಟ್ಟಿದೆ, ಎರಡೂ 14. ಎಪಿಕೆ ಫೋನಿಗೆ ಹಾಕಿದೆ. ತೆರೆದ ಕೂಡಲೇ ಮುಚ್ಚಿತು.

ಫೋನಿನ ದಾಖಲೆ ತೋರಿಸುವ ಲಾಗ್‌ಕ್ಯಾಟ್‌ನಲ್ಲಿ 'ಕ್ಯಾನಾಟ್ ಲೊಕೇಟ್ ಸಿಂಬಲ್', ಆಮೇಲೆ ಎಸ್‌ಟಿಡಿ, ಎನ್‌ಡಿಕೆ1 ಎಂದೆಲ್ಲ ಶುರುವಾಗುವ ಮಾರುದ್ದದ ಹೆಸರು. ಆ 'ಎನ್‌ಡಿಕೆ1' ಕಂಡರೆ ನೇರವಾಗಿ ಸಿ ಪ್ಲಸ್ ಪ್ಲಸ್ ಲೈಬ್ರರಿಯನ್ನು ಹಿಡಿಯಿರಿ, ಅಂದರೆ ಲಿಬ್‌ಸಿ ಪ್ಲಸ್ ಪ್ಲಸ್ ಶೇರ್ಡ್. 2021ರಲ್ಲಿ ಇದರ ಒಂದು ಪ್ರತಿಯನ್ನೂ ನಾನು ಜೆಎನ್‌ಐಲಿಬ್ಸ್‌ಗೆ ಹಾಕಿದ್ದೆ. ಗ್ರೇಡಲ್ ತನ್ನ ಎನ್‌ಡಿಕೆಯದನ್ನೂ ತರುತ್ತದೆ. ಒಂದೇ ದಾರಿಯಲ್ಲಿ ಎರಡು ಫೈಲು ಎಂದು ಆಗ ಬಿಲ್ಡ್ ತಕರಾರು ಮಾಡಿದ್ದಕ್ಕೆ, ಸಿಕ್ಕ ಮೊದಲನೆಯದನ್ನು ಇಟ್ಟುಕೋ ಎನ್ನುವ 'ಪಿಕ್‌ಫಸ್ಟ್' ಸಾಲು ಬರೆದು ಬಾಯಿ ಮುಚ್ಚಿಸಿದ್ದೆ. ಆಗ ಎರಡೂ ಒಂದೇ ಆರ್21ಇ, ಯಾವುದು ಉಳಿದರೂ ನಡೆಯುತ್ತಿತ್ತು. ಈಗ ಉಳಿದದ್ದು ಹಳೆಯದು, ಕೇಳುತ್ತಿರುವುದು 27ರಲ್ಲಿ ಕಟ್ಟಿದ ಟೆಸರಾಕ್ಟ್. ಹೊಸ ಮನೆಗೆ ಹಳೇ ಬೀಗದ ಕೈ. ಪಿಕ್‌ಫಸ್ಟ್ ಬರೆಯುವಾಗ ಕೈ ನಡುಗಬೇಕು ಎನ್ನುವುದು ಈಗಿನ ನನ್ನ ಅಭಿಪ್ರಾಯ. ಹಳೇ ಪ್ರತಿ ಅಳಿಸಿ, ಆ ಸಾಲನ್ನೂ ತೆಗೆದೆ. ಆ್ಯಪ್ ತೆರೆಯಿತು.

ಭಾನುವಾರ ಸಂಜೆ ರಿಪೇರಿಯ ನಿಜವಾದ ಭಾಗ. ಆವೃತ್ತಿ ಸಂಖ್ಯೆ ಈಗ ಇರುವುದು ಒಂದೇ ಕಡೆ, ಗ್ರೇಡಲ್ ಡಾಟ್ ಪ್ರಾಪರ್ಟೀಸ್ ಫೈಲಿನ ಒಂದು ಸಾಲಿನಲ್ಲಿ. ಬಿಲ್ಡ್ ಫೈಲಿನ ಎನ್‌ಡಿಕೆ ವರ್ಷನ್ ಅಲ್ಲಿಂದ ಓದುತ್ತದೆ, ಶೆಲ್ ಸ್ಕ್ರಿಪ್ಟೂ ಗ್ರೆಪ್ ಮಾಡಿ ಅದನ್ನೇ ಹೆಕ್ಕುತ್ತದೆ. ದಾರಿಯನ್ನು ಯಾವ ಫೈಲಿನಲ್ಲೂ ಬರೆದಿಲ್ಲ. ಆಂಡ್ರಾಯ್ಡ್ ಹೋಮ್ ಎಂಬ ಪರಿಸರ ಚರದ ಮುಂದೆ ಎನ್‌ಡಿಕೆ ಫೋಲ್ಡರಿನ ಹೆಸರು, ಅದರ ಮುಂದೆ ಈ ಸಂಖ್ಯೆ ಸೇರಿಸಿದರೆ ದಾರಿ ತಾನೇ ಸಿಗುತ್ತದೆ. ಅಲ್ಲಿ ಸೋರ್ಸ್ ಡಾಟ್ ಪ್ರಾಪರ್ಟೀಸ್ ಇದೆಯೇ, ಒಳಗಿನ ಸಂಖ್ಯೆ ಇದೇಯೇ ಎಂದು ಸ್ಕ್ರಿಪ್ಟ್ ಮೊದಲು ನೋಡುತ್ತದೆ, ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಬಿಲ್ಡ್ ಫೋಲ್ಡರಿನ ಹೆಸರಲ್ಲೂ ಸಂಖ್ಯೆ ಸೇರಿಸಿದೆ. ಆವೃತ್ತಿ ಬದಲಾದರೆ ಫೋಲ್ಡರೇ ಹೊಸತು, ಹಳೇ ಕ್ಯಾಶ್ ಅಂಟುವ ಮಾತೇ ಇಲ್ಲ. ಕೊನೆಗೆ, ಕಟ್ಟಿದ ಪ್ರತಿ ಎಸ್‌ಒ ಫೈಲಿನ ಐಡೆಂಟ್ ಟಿಪ್ಪಣಿ ತೆರೆದು ಬಿಲ್ಡ್ ನಂಬರ್ ತಾಳೆ ನೋಡುವ ನಾಲ್ಕು ಸಾಲು.

ಎಸ್‌ಡಿಕೆ ಹೊರಗೆ ಎಲ್ಲೋ ಎನ್‌ಡಿಕೆ ಇಟ್ಟುಕೊಂಡವರಿಗೆ ಎನ್‌ಡಿಕೆ ಪಾತ್ ಎಂಬ ಸೆಟ್ಟಿಂಗೂ ಇದೆ, ಪ್ಲಗಿನ್ 4.1ರಿಂದ. ನಾನಂತೂ ಹತ್ತಿರ ಹೋಗುವುದಿಲ್ಲ. ಫ್ಲಟರ್ ಎಂಬ ಆ್ಯಪ್ ಕಟ್ಟುವ ಚೌಕಟ್ಟನ್ನು ಬಳಸುವವರಿಗೆ ಈ ಜಂಜಾಟ ಬೇರೆ ವೇಷದಲ್ಲಿ ಬರುತ್ತದೆ: ನಿಮ್ಮ ಪ್ರಾಜೆಕ್ಟ್ 26.3ರಲ್ಲಿದೆ, ಈ ಪ್ಲಗಿನ್‌ಗಳು 27.0 ಕೇಳುತ್ತಿವೆ ಎಂದು. ಅಲ್ಲಿ ಪಟ್ಟಿಯಲ್ಲಿರುವುದರಲ್ಲಿ ದೊಡ್ಡ ಸಂಖ್ಯೆಯನ್ನು ಆ್ಯಪ್‌ನ ಗ್ರೇಡಲ್ ಫೈಲಿನಲ್ಲಿ ಬರೆದರೆ ಮುಗಿಯಿತು. ಅಂಥದೇ ಇನ್ನೊಂದು ಚೌಕಟ್ಟಾದ ರಿಯಾಕ್ಟ್ ನೇಟಿವ್‌ನಲ್ಲಿ ಸಂಖ್ಯೆ ಮೇಲಿನ ಹಂತದ ಬಿಲ್ಡ್ ಫೈಲಿನಲ್ಲಿ ಮೊದಲೇ ಬರೆದು ಬಂದಿರುತ್ತದೆ, ಅದನ್ನು ಅವರ ಆವೃತ್ತಿಯ ಜತೆಗೇ ಬದಲಿಸುವುದು ಕ್ಷೇಮ.

ಸೋಮವಾರ ಬೆಳಿಗ್ಗೆ ರಜೆ ಹಾಕಿ ಒಂದು ಪರೀಕ್ಷೆ ಮಾಡಿದೆ. 28.0.13004108 ಇಳಿಸಿ, ಆ ಒಂದು ಸಾಲು ಮಾತ್ರ ಬದಲಿಸಿದೆ. ಸ್ಕ್ರಿಪ್ಟ್ ಓಡಿತು, ಗ್ರೇಡಲ್ ಓಡಿತು, ಎಲ್ಲ ಫೈಲಿನಲ್ಲೂ 13004108, ಎಲ್ಲದರ ಅಳತೆಯೂ 14. ಪುಟದಳತೆಯ ಸ್ವಿಚ್ಚನ್ನು ಎರಡೂ ಕಡೆಯಿಂದ ತೆಗೆದು ಮತ್ತೊಮ್ಮೆ ಕಟ್ಟಿದರೂ ಅಷ್ಟೇ. 28ರಲ್ಲೇ ಬಿಟ್ಟೆ. 21ರ ಫೋಲ್ಡರ್ ಅಳಿಸಿದೆ.

ದೊಡ್ಡಪ್ಪ ಟ್ರಂಕಿನಿಂದ ಒಂದು ಪುಸ್ತಕ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ಫೋಟೋ ಹೊಡೆದರು. ಅಕ್ಷರಗಳು ಸಾಲಾಗಿ ಬಂದವು. ಕನ್ನಡಕ ಮೂಗಿನ ತುದಿಗೆ ಇಳಿಸಿ ಓದುತ್ತಾ ಹೋದರು. ಭಾಮಿನಿ ಸರಿ ಬಂದಿತ್ತು. ಅದರ ಕೆಳಗಿನ ಪದ್ಯದ ತಲೆಗೆ ಬಂದು ನಿಂತರು.

"ಇಷ್ಟು ದಿನ ಕೂತು ಎಂತ ರಿಪೇರಿ ಮಾಡಿದೆಯಾ? ವಾರ್ಧಕ ಅಂತ ಇರಬೇಕು, ವಾರ್ದಕ ಅಂತ ಉಂಟಲ್ಲ ಇಲ್ಲಿ."

"ಅದು ಎನ್‌ಡಿಕೆ ತಪ್ಪಲ್ಲ ದೊಡ್ಡಪ್ಪ."

"ಯಾರದ್ದಾದರೂ ಆಗಲಿ," ಎಂದು ಹೇಳಿ ಅವರು ಧಕ್ಕೆ ಬಾಲ ಹಚ್ಚತೊಡಗಿದರು.